ವೇಲ್ಸ್ ತೀರದಲ್ಲಿ ಸಿಕ್ಕಿದ್ದು ಸತ್ತ ಇಲಿಯಲ್ಲ

ವೇಲ್ಸ್ ತೀರದಲ್ಲಿ ಸತ್ತ ಇಲಿಯಂಥದ್ದೇನೋ ಸಿಕ್ಕಿತು, ಮಗಳು ಮುಟ್ಟಿಬಿಟ್ಟಳು, ಪ್ಲೇಗ್ ಬಂದೀತೇ ಎಂದು ಕೇಳಿದ್ದೀರಿ. ಅದು ಬಹುಶಃ ‘ಸೀ ಮೌಸ್’, ಹೆಸರಿಗಷ್ಟೇ ಇಲಿ, ಅಸಲಿಗೆ ಸಮುದ್ರದ ಹುಳು. ಬಿರುಗಾಳಿಯ ಮರುದಿನ ಸಿಕ್ಕಿತು, ಬದಿಯ ಕೂದಲು ಹಸಿರು, ಚಿನ್ನದ ಬಣ್ಣಕ್ಕೆ ಹೊಳೆಯುತ್ತಿತ್ತು ಅಂದಿರಲ್ಲ, ಅದೇ ಗುರುತು. ಇಲಿಗೆ ಅಂಥ ಜರತಾರಿ ಅಂಚು ಎಲ್ಲಿಂದ ಬರಬೇಕು! ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1758ರಲ್ಲಿ ಇದಕ್ಕಿಟ್ಟ ಹೆಸರು ಅಫ್ರೊಡೈಟಾ, ಗ್ರೀಕರ ಸೌಂದರ್ಯದೇವತೆಯದು.

ಖಚಿತವಾಗಬೇಕಿದ್ದರೆ ಕಡ್ಡಿಯಿಂದ ಮಗುಚಿ ನೋಡಿ: ಹೊಟ್ಟೆ ಮೇಲೆ ಅಡ್ಡಗೆರೆ, ಎರಡೂ ಬದಿಗೆ ಸಾಲು ಮೋಟುಗಾಲು ಇರಬೇಕು. ಹಲ್ಲು, ಬಾಲ ಕಂಡರೆ ನನ್ನ ಊಹೆ ತಪ್ಪು. ಹುಳುವೇ ಆಗಿದ್ದರೆ ಮಗಳು ಮುಟ್ಟಿದ್ದಕ್ಕೆ ಪ್ಲೇಗ್ ಭಯ ಬೇಡ. ಕೈಗೆ ಮುಳ್ಳು ಚುಚ್ಚಿದ್ದರೆ ತೆಗೆದು ಸೋಪು ಹಾಕಿ ತೊಳೆಯಿರಿ.

ಕಾಲು ಆಡಿಸುತ್ತಿದ್ದರೆ ಮಕ್ಕಳ ಆಟದ ಸಲಿಕೆಯಲ್ಲಿ ಎತ್ತಿ ನೀರಿಗೆ ಬಿಡಿ. ಸತ್ತಿದ್ದರೆ ಅಲ್ಲೇ ಇರಲಿ, ಕಡಲ ಹಕ್ಕಿಗಳು ನೋಡಿಕೊಳ್ಳುತ್ತವೆ.