ಕ್ಲೀನ್ ಟೋನ್‌ಗೆ ಗಿಟಾರ್ ಪೆಡಲ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು?

ಮೊದಲು ಕಂಪ್ರೆಸರ್, ಆಮೇಲೆ ಕೋರಸ್ (ಒಂದೇ ಗಿಟಾರ್ ಹಲವು ಗಿಟಾರ್ ಹಾಗೆ ಕೇಳಿಸುವುದು), ನಂತರ ಡಿಲೇ (ಮರುದನಿ ಕೊಡುವುದು), ಕೊನೆಗೆ ರಿವರ್ಬ್ (ಹಾಲ್‌ನೊಳಗಿನ ಗುಂಗು ಕೊಡುವುದು). ದನಿ ಒಡೆಯದೆ ತಿಳಿಯಾಗಿ ಕೇಳಬೇಕು ಅಂದ್ರೆ ಇದರಿಂದಲೇ ಶುರು ಮಾಡಿ.

ಕಾರಣ ಸರಳ. ಪ್ರತಿ ಪೆಡಲ್ ತನಗಿಂತ ಹಿಂದಿನದು ಕೊಟ್ಟಿದ್ದನ್ನೆಲ್ಲ ಒಟ್ಟಿಗೆ ತಗೊಂಡು ಬದಲಾಯಿಸುತ್ತದೆ. ಕಂಪ್ರೆಸರ್ ಜೋರಾದ ದನಿಯನ್ನು ತಗ್ಗಿಸಿ ಮೆಲ್ಲಗಿನದನ್ನು ಮೇಲೆತ್ತುತ್ತದೆ, ಅಲ್ವಾ? ಅದನ್ನು ರಿವರ್ಬ್ ಆದಮೇಲೆ ಇಟ್ಟರೆ, ತಂತಿಯ ದನಿ ಜೊತೆಗೆ ರಿವರ್ಬ್‌ನ ಗುಂಯ್‌ಗುಡುವ ಬಾಲವನ್ನೂ ಎತ್ತಿಬಿಡುತ್ತದೆ, ಎರಡು ಕಾರ್ಡ್ ನುಡಿಸುವಷ್ಟರಲ್ಲಿ ಎಲ್ಲ ಕಲಸುಮೇಲೋಗರ ಆಗುತ್ತದೆ. ಡಿಲೇ ರಿವರ್ಬ್‌ಗಿಂತ ಮೊದಲು ಯಾಕೆ ಅಂದ್ರೆ, ಮರುದನಿ ಒಂದೊಂದಾಗಿ ಬಿಡಿಬಿಡಿಯಾಗಿ ಹುಟ್ಟಿ, ಆಮೇಲೆ ಒಂದೇ ಹಾಲ್‌ನೊಳಗೆ ಹರಡಿದ ಹಾಗೆ ಕೇಳುತ್ತದೆ.

ಕೋರಸ್ ಬಗ್ಗೆ ಹೇಳುವುದು ಕಡಿಮೆ, ಸ್ವಲ್ಪ ಹಾಕಿ ಸಾಕು.

ಆದರೆ ಜಾಸ್ತಿ ಜನ ಎಡವುವುದು ಕ್ರಮದಲ್ಲಲ್ಲ, ಪ್ರಮಾಣದಲ್ಲಿ. ಕಂಪ್ರೆಸರ್‌ನಲ್ಲಿ ರೇಶಿಯೋ (ಜೋರಾದ ದನಿಯನ್ನು ಎಷ್ಟು ತಗ್ಗಿಸಬೇಕು ಅನ್ನುವ ಅಳತೆ) ಇದ್ದರೆ 3:1 ಇಡಿ, ಡಿಲೇ ಸುಮಾರು 350 ಮಿಲಿಸೆಕೆಂಡ್, ಮರುದನಿ ಎರಡೋ ಮೂರೋ, ಮಿಕ್ಸ್ (ಮೂಲ ದನಿ ಜೊತೆ ಮರುದನಿ ಎಷ್ಟು ಬೆರೆಯಬೇಕು ಅನ್ನುವುದು) 20 ಶೇಕಡಾ. ಈಗ ಒಂದು ಕಾರ್ಡ್ ನುಡಿಸಿ, ತಕ್ಷಣ ಅಂಗೈಯಿಂದ ತಂತಿ ಮುಚ್ಚಿ ಕೇಳಿ. ಉಳಿದ ದನಿ ಮೆಲ್ಲಗೆ ಕರಗಬೇಕು, ಮುಂದಿನ ಕಾರ್ಡ್ ಮೇಲೆ ಹತ್ತಿ ಕೂತರೆ ಮಿಕ್ಸ್ ಇಳಿಸಿ.

ಇನ್ನೊಂದು ಮಾತು. ಕಂಪ್ರೆಸರ್ ಆನ್ ಮಾಡಿದಾಗಲೂ ಆಫ್ ಮಾಡಿದಾಗಲೂ ವಾಲ್ಯೂಮ್ ಒಂದೇ ಇರಲಿ. ಅದು ಜಾಸ್ತಿ ಆದರೆ ಆಂಪ್ ಒಳಗೇ ದನಿ ಒಡೆಯಲು ಶುರುವಾಗಬಹುದು, ನೀವು ಸುಮ್ನೆ ಬೇರೆ ಪೆಡಲ್‌ನಲ್ಲಿ ತಪ್ಪು ಹುಡುಕುತ್ತಾ ಇರ್ತೀರಿ.