ಅರಬಿಯ 'ಹಿಕ್ಮಾ' ಪದದ ಅರ್ಥವೇನು? ಬೇರೆ ಭಾಷೆಗಳಲ್ಲಿ ಅದರ ಬಳಕೆ ಹೇಗಿದೆ?

ಹಿಕ್ಮಾ ಅಂದರೆ ವಿವೇಕ. ಬರೀ ಓದಿನ ತಿಳಿವಳಿಕೆ ಅಲ್ಲ, ಎಲ್ಲಿ ಏನು ಮಾಡಬೇಕು ಅನ್ನುವ ತೀರ್ಮಾನವೂ ಅದರಲ್ಲಿದೆ. ಇದರ ಮೂಲ ಧಾತು ಹ-ಕ-ಮ. ತಡೆಯುವುದು, ತೀರ್ಪು ಕೊಡುವುದು ಎರಡೂ ಅದರ ಅರ್ಥ. ಕುದುರೆಯ ಕಡಿವಾಣದ ಒಂದು ಭಾಗಕ್ಕೂ ಅರಬಿಯಲ್ಲಿ 'ಹಕಮಾ' ಅಂತಾರೆ. ಎಷ್ಟು ಚೆಂದದ ನಂಟು ಅಲ್ವಾ!

ತುರ್ಕಿಯಲ್ಲಿ ಇದು 'ಹಿಕ್ಮೆತ್', ಸ್ವಾಹಿಲಿಯಲ್ಲಿ 'ಹೆಕಿಮಾ'. ಎರಡರಲ್ಲೂ ವಿವೇಕ ಅನ್ನುವ ಅರ್ಥ ಉಳಿದಿದೆ. ಹೀಬ್ರೂವಿನ 'ಹೊಖ್ಮಾ' ಮಾತ್ರ ಎರವಲು ಬಂದದ್ದಲ್ಲ. ಅರಬಿ, ಹೀಬ್ರೂ ಒಂದೇ ಕುಟುಂಬದ ಭಾಷೆಗಳು.

ಇದೇ ಧಾತುವಿನ 'ಹಕೀಮ್' ಅಂದರೆ ವಿವೇಕಿ. ಹಿಂದೆ ವೈದ್ಯರೇ ತತ್ವಜ್ಞಾನಿಗಳೂ ಆಗಿರುತ್ತಿದ್ದರು, ಇಬ್ನ್ ಸಿನಾ ಥರ. ಹಾಗಾಗಿ ಯುನಾನಿ ವೈದ್ಯರು ಹಕೀಮರಾದರು. ತುರ್ಕಿಯಲ್ಲಿ ಇವತ್ತಿಗೂ ವೈದ್ಯರಿಗೆ 'ಹೆಕಿಮ್' ಅಂತಾರೆ. ಮಲಯ ಭಾಷೆಯಲ್ಲಿ 'ಹಾಕಿಮ್' ಅಂದರೆ ನ್ಯಾಯಾಧೀಶ.

ಕನ್ನಡದಲ್ಲಿ ಕಥೆ ಇನ್ನೂ ಸೊಗಸು. 'ಏನೋ ಹಿಕಮತ್ತು ಮಾಡಿ ಕೆಲಸ ಗಿಟ್ಟಿಸಿಕೊಂಡ' ಅನ್ನುತ್ತೇವಲ್ಲ, ಆ ಹಿಕಮತ್ತು ಇದೇ ಪದ. ವಿವೇಕ ಇಲ್ಲಿ ಚಾಲಾಕಿತನ ಆಗಿಬಿಟ್ಟಿದೆ. ಅಪ್ಪಣೆ ಅನ್ನುವ ಅರ್ಥದ 'ಹುಕುಂ' ಕೂಡ ಅದೇ ಧಾತುವಿನದು. ತಾಲ್ಲೂಕು ಕಚೇರಿಯಲ್ಲಿ ಕೇಳಿಬರುವ 'ಬಗರ್ ಹುಕುಂ' ಅಂದರೆ ಅಕ್ಷರಶಃ ಹುಕುಂ ಇಲ್ಲದೆ. ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಸಾಗುವಳಿ ಮಾಡುವುದು. ಅಂಥ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಅಂತ ನಮೂನೆ 57 ತುಂಬಿ ಅರ್ಜಿ ಹಾಕಿದ ರೈತರ ಬಾಯಲ್ಲೂ ಈ ಅರಬಿ ಧಾತು ಓಡಾಡುತ್ತಿದೆ.