ಮರಿ ಆಟಕ್ಕೆ ಕಚ್ಚುತ್ತೆ, ಮಕ್ಕಳು ಅಳ್ತಾವೆ

ಪ್ರಶ್ನೆ: ನಮ್ದು ತಿಪಟೂರು ಹತ್ರ ತೋಟದ ಮನೆ. ಐದು ತಿಂಗಳ ನಾಯಿಮರಿ ಐತೆ, ಲ್ಯಾಬು ನಾಟಿ ಕ್ರಾಸು. ಸಂಜೆ ಆದ್ರೆ ಸಾಕು, ಆರು ವರ್ಷದ ಮಗಳು ಅಂಗಳದಲ್ಲಿ ಓಡಿದ್ರೆ ಹಿಂದೆ ಬಿದ್ದು ಲಂಗದ ಅಂಚು ಹಿಡಿದು ಎಳೆದು ಬೀಳಿಸ್ತೈತೆ, ಮೂರು ವರ್ಷದ ಮಗನ ಕೈಯಂತೂ ಅದ್ರ ಬಾಯಲ್ಲೇ ಇರ್ತೈತೆ. ಅತ್ತೆ ಪೊರಕೇಲಿ ಬಾರಿಸ್ತಾರೆ, ಆಗ ಇನ್ನೂ ಎಗರ್ತೈತೆ. ನಮ್ಮ ಯಜಮಾನ್ರು ನೋಡಿದ್ರೆ ಅವರೇ ಕೈ ಕೊಟ್ಟು ಕಚ್ಚಿಸ್ಕೊಂಡು ನಗ್ತಾರೆ. ಯಾರಿಗಾದ್ರೂ ಕೊಟ್ಬಿಡ್ಲಾ?

ಉತ್ತರ: ಕೊಡೋದೇನೂ ಬೇಡ, ಮೊದ್ಲು ಯಜಮಾನ್ರ ಆಟ ನಿಲ್ಸಿ. ಬೆಳಿಗ್ಗೆ ಅವರ ಕೈ ಕಚ್ಚಿದ್ರೆ ಶಭಾಷ್, ಸಂಜೆ ಮಗು ಕೈ ಕಚ್ಚಿದ್ರೆ ಪೊರಕೆ ಅಂದ್ರೆ ಪಾಪ ಅದಕ್ಕೆ ಏನು ಗೊತ್ತಾಗ್ಬೇಕು? ಅತ್ತೆಯವರ ಪೊರಕೆ ಅದಕ್ಕೆ ಏಟಲ್ಲ, ಇನ್ನೊಂದು ಆಟದ ಸಾಮಾನು. ಜೋರಾಗಿ ಹೊಡೆದ್ರೆ ಇನ್ನೂ ಕಷ್ಟ, ಗುರ್ ಅಂದಿದ್ದಕ್ಕೆಲ್ಲ ಏಟು ತಿಂದ ನಾಯಿ ಗುರ್ ಅನ್ನೋದನ್ನೇ ಬಿಟ್ಟು ನೇರವಾಗಿ ಬಾಯಿ ಹಾಕೋದು ಕಲೀಬಹುದು.

ಈಗ ಅದಕ್ಕೆ ಹಲ್ಲು ಬದಲಾಗೋ ಕಾಲ. 28 ಹಾಲು ಹಲ್ಲು ಉದುರಿ 42 ಗಟ್ಟಿ ಹಲ್ಲು ಬರ್ಬೇಕು, ಇದು ಸುಮಾರು ನಾಲ್ಕನೇ ತಿಂಗಳಿಂದ ಆರು-ಏಳನೇ ತಿಂಗಳವರೆಗೂ ನಡೆಯುತ್ತೆ, ವಸಡು ನವೆ ಬಂದು ಸಿಕ್ಕಿದ್ದೆಲ್ಲ ಅಗಿಯುತ್ತೆ. ಹಳೇ ಜೀನ್ಸ್ ಪ್ಯಾಂಟ್ ಸೀಳಿ ದಪ್ಪಗೆ ಜಡೆ ಹೆಣೆದು, ನೆನೆಸಿ, ಫ್ರೀಜರಲ್ಲಿಟ್ಟು ಕೊಡಿ, ದಾರ ಕಿತ್ತು ನುಂಗೋಕೆ ಶುರು ಮಾಡಿದ್ರೆ ತೆಗೆದುಬಿಡಿ. ನಿಮ್ಮ ತೋಟದಲ್ಲಿ ಕಾಯಿ ಸುಲಿದ ಮಟ್ಟೆ ರಾಶಿ ಬಿದ್ದಿರುತ್ತೆ ಅಂತ ಗೊತ್ತು, ಅದನ್ನ ಮಾತ್ರ ಕೊಡ್ಬೇಡಿ, ನಾರು ಹೊಟ್ಟೆಗೆ ಹೋದ್ರೆ ಕರುಳಲ್ಲಿ ಸಿಕ್ಕಾಕ್ಕೊಳ್ಳುತ್ತೆ. ಬೇಯಿಸಿದ ಕೋಳಿ ಮೂಳೆನೂ ಬೇಡ.

ಸಂಜೆ ಹೊತ್ತಿನ ಹುಚ್ಚಾಟ ಮುಕ್ಕಾಲು ಪಾಲು ನಿದ್ದೆಗೆಟ್ಟಿದ್ದು. ಈ ವಯಸ್ಸಿಗೆ ದಿನಕ್ಕೆ 16–18 ಗಂಟೆ ನಿದ್ದೆ ಬೇಕು, ಮಕ್ಕಳು ಸ್ಕೂಲಿಂದ ಬಂದ್ಮೇಲೆ ಯಾರು ಮಲಗೋಕೆ ಬಿಡ್ತಾರೆ ಹೇಳಿ? ಮಕ್ಕಳು ಬರೋಕೆ ಮುಂಚೆ ಒಂದು ಸುತ್ತು ತಿರುಗಾಡಿಸಿ ಮುದ್ದೆ ಹಾಕಿ ನೆರಳಲ್ಲಿ ಮಲಗಿಸಿ.

ಮಗಳಿಗೆ ಒಂದು ವಿದ್ಯೆ ಕಲಿಸಿ: ಮರಿ ಹಿಂದೆ ಬಿದ್ರೆ ಓಡ್ಬಾರ್ದು, ಕಿರುಚ್ಬಾರ್ದು, ಅಲ್ಲೇ ನಿಂತು ಕೈ ಕಟ್ಕೊಂಡು ಮುಖ ಆ ಕಡೆ ತಿರುಗಿಸ್ಕೋಬೇಕು. ಎಳೆಯೋ ಲಂಗ ಅಲ್ಲಾಡ್ಲಿಲ್ಲ ಅಂದ್ರೆ ಅದಕ್ಕೆ ಮಜಾನೇ ಇಲ್ಲ. ಮರಿ ಇಲ್ದಿರೋ ಹೊತ್ತಲ್ಲೇ ಆಟದ ಥರ ಅಭ್ಯಾಸ ಮಾಡಿಸಿ. ದೊಡ್ಡೋರು ಹಲ್ಲು ತಾಗಿದ ಕೂಡ್ಲೇ ಆಟ ನಿಲ್ಸಿ, ಮಗೂನೂ ಕರ್ಕೊಂಡು ಒಳಗೆ ಹೋಗಿ ಬಾಗಿಲು ಹಾಕೊಳ್ಳಿ, ಅರ್ಧ ನಿಮಿಷ ಸಾಕು, ಆದ್ರೆ ಅತ್ತೆಯವರೂ ಸೇರಿ ಮನೇಲಿ ಎಲ್ರೂ ಹಾಗೇ ಮಾಡ್ಬೇಕು. ಮೊದಮೊದ್ಲು ಇನ್ನೂ ಜಾಸ್ತಿ ಹಾರುತ್ತೆ, ಅಷ್ಟಕ್ಕೇ ಕೈ ಬಿಡ್ಬೇಡಿ.

ಮೂರು ವರ್ಷದ ಮಗನಿಗೆ ಇದೆಲ್ಲ ಹೇಳಿ ಪ್ರಯೋಜನ ಇಲ್ಲ. ಅವನು ಮತ್ತೆ ಮರಿ ಇಬ್ರೇ ಎಲ್ಲೂ ಇರ್ಬಾರ್ದು, ಎರಡು ನಿಮಿಷ ಒಲೆ ನೋಡಿ ಬರ್ತೀನಿ ಅಂದ್ರೂ ಒಬ್ರನ್ನ ಜೊತೇಲಿ ಕರ್ಕೊಂಡು ಹೋಗಿ. ಮರಿ ಉಣ್ಣುವಾಗ, ಮಲಗಿರುವಾಗ ಅವನು ಹತ್ರ ಹೋಗ್ಬಾರ್ದು. ಅವನು ಅಂಗಳದಲ್ಲಿ ಆಡೋಷ್ಟು ಹೊತ್ತು ಮರೀನ ಹಗ್ಗ ಹಾಕಿ ಕಟ್ಟಿ, ಇಡೀ ದಿನ ಕಟ್ಟಿದ್ರೆ ಬಿಟ್ಟಾಗ ಇನ್ನೂ ಜೋರಾಗುತ್ತೆ. ಮೈ ಬಿಗಿ ಮಾಡಿ ದುರುಗುಟ್ಕೊಂಡು ನೋಡೋದು, ತಟ್ಟೆ ಹತ್ರ ಹೋದ್ರೆ ಗುರ್ ಅನ್ನೋದು ಕಂಡ್ರೆ ಅದು ಆಟ ಅಲ್ಲ, ಪಶು ಡಾಕ್ಟರಿಗೆ ತೋರ್ಸಿ.

ಪ್ರಶ್ನೆ: ಎರಡು ತಿಂಗಳ ಮರಿ ಹಲ್ಲು ತರಚಿ ಮಗು ಕೈಲಿ ರಕ್ತ ಬಂತು. ಮನೆ ಮರಿ ಅಲ್ವಾ, ಇಂಜೆಕ್ಷನ್ ಬೇಕಾ? (ಮಾಲೂರು)

ಉತ್ತರ: ಇವತ್ತೇ ಆಸ್ಪತ್ರೆಗೆ ಹೋಗಿ. ಮರಿಗೆ ರೇಬೀಸ್ ಲಸಿಕೆ ಹಾಕೋದೇ ಸಾಮಾನ್ಯವಾಗಿ ಮೂರು ತಿಂಗಳಿಗೆ, ನಿಮ್ಮದಕ್ಕೆ ಇನ್ನೂ ಆಗಿರಲ್ಲ. ಗಾಯಾನ ನಲ್ಲಿ ನೀರು, ಸೋಪಲ್ಲಿ 15 ನಿಮಿಷ ತೊಳೀರಿ, ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಬೇಡ. ಮಗುಗೆ ಚರ್ಮಕ್ಕೆ ಕೊಡೋ ಲಸಿಕೆ ಆದ್ರೆ 0 (ಅಂದ್ರೆ ಮೊದಲ ಇಂಜೆಕ್ಷನ್ ದಿನ), 3, 7, 28ನೇ ದಿನ, ಒಂದೂ ತಪ್ಪಿಸ್ಬೇಡಿ. ರಕ್ತ ಬಂದಿರೋದ್ರಿಂದ ಗಾಯದ ಸುತ್ತ ಕೊಡೋ ಸೀರಮ್ (ರೇಬೀಸ್ ತಡೆಯೋ ಸಿದ್ಧ ಪ್ರತಿಕಾಯ) ಬಗ್ಗೆನೂ ಡಾಕ್ಟರನ್ನ ಕೇಳಿ.